ಪೈನ್ ಕಾಡಿನಲ್ಲಿ ಕೇಳಿದ ಹೆಸರು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದುವುದು ತಪ್ಪು ಹುಡುಕುವುದಕ್ಕೆ. ಯಾರಿಗೆ ನಿದ್ದೆಗಣ್ಣಿತ್ತು, ಯಾರು ಮೊದಲೇ ಹೆದರಿದ್ದರು, ಆಮೇಲೆ ಹೇಳುವಾಗ ಯಾವ ವಿವರ ಬೆಳೆಯಿತು, ಇಷ್ಟು ಸಿಕ್ಕರೆ ಉಳಿದದ್ದನ್ನು ಓದದೆಯೇ ಪುಟ ತಿರುವುತ್ತೇನೆ. ಇದನ್ನು ಓದುವಾಗ ನೀವೂ ಹಾಗೆಯೇ ಮಾಡಿದರೆ ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಯಾರಾದರೂ ಮಾಡಲಿ ಎಂಬ ಆಸೆಯಿಂದಲೇ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ಹಿಡಿದ ಡಿಬೇಟಿನ ಹುಚ್ಚು ನನ್ನನ್ನು ಕಾಲೇಜು ಮುಗಿಯುವವರೆಗೂ ಬಿಡಲಿಲ್ಲ. ನಾಣ್ಯ ಚಿಮ್ಮಿದಾಗ ಯಾವ ಪಕ್ಷ ಬಂತೋ ಆ ಪಕ್ಷ ಹಿಡಿದು ವಾದಿಸಬೇಕು, ಎದುರಿನವರ ಮಾತಿನಲ್ಲಿ ಆಧಾರವಿಲ್ಲದ ಇಟ್ಟಿಗೆ ಯಾವುದೆಂದು ನೋಡಿ ಅದನ್ನೇ ಎಳೆಯಬೇಕು. ಈ ಚಟ ಮನೆಯಲ್ಲೂ ಹೋಗಲಿಲ್ಲ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನ ನಮ್ಮ ಮನೆಯಲ್ಲಿ, ಬಂದವರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಒಮ್ಮೆ ಒಬ್ಬ ಆಂಟಿ, ಹುಬ್ಬಳ್ಳಿಯ ತಮ್ಮ ತವರುಮನೆಯ ಅಟ್ಟದ ಮೇಲೆ ಗೆಜ್ಜೆ ಸಪ್ಪಳ ಕೇಳಿಸುತ್ತಿದ್ದುದನ್ನು ಮೈ ಜುಮ್ಮೆನ್ನುವ ಹಾಗೆ ಹೇಳುತ್ತಿದ್ದರು. ನಾನು, "ಆಂಟಿ, ಆ ಅಟ್ಟದ ಮ್ಯಾಲೆ ಇಲಿ ಇದ್ದೂ ಏನ್ರಿ?" ಅಂದೆ. ಕಥೆ ಅಲ್ಲಿಗೇ ನಿಂತಿತು. ಅಂದಿನಿಂದ ನಾನಿರುವ ಕಡೆ ಯಾರೂ ದೆವ್ವದ ಮಾತೆತ್ತುವುದಿಲ್ಲ.

ನನಗೆ 'ವಕೀಲಬಾಯಿ' ಅಂತ ಹೆಸರಿಟ್ಟವರು ವೈನಿ. ಅಣ್ಣನ ಹೆಂಡತಿಗೆ ನಮ್ಮ ಧಾರವಾಡದ ಕಡೆ ಹಾಗೆನ್ನುತ್ತೇವೆ. ಅಣ್ಣ, ವೈನಿ ಇರುವುದು ಮಾರಿಸ್‌ಟೌನಿನಲ್ಲಿ, ನಾನು ಹೋಬೋಕನ್ನಿನಲ್ಲಿ. ವೈನಿ ಮದುವೆಯಾಗಿ ಇಲ್ಲಿಗೆ ಬಂದವರು. ಅಣ್ಣನಿಗೂ ನನಗೂ ಕನ್ನಡದಲ್ಲಿ ಜಗಳವಾಡುವುದು ಮತ್ತೆ ರೂಢಿಯಾದದ್ದು ಅವರು ಬಂದ ಮೇಲೆಯೇ.

ಕೆಲವು ವರ್ಷಗಳ ಹಿಂದೆ, ಒಂದು ವಸಂತದಲ್ಲಿ, ಅವರಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಹೊರಡುವ ಮೊದಲೇ ಹೆಸರು ಬರೆದುಕೊಡುವುದು ಇಲ್ಲಿಯ ಪದ್ಧತಿ. ನಮ್ಮವರು ಬರೆದುಕೊಡಲಿಲ್ಲ. ತೊಟ್ಟಿಲು ಹಾಕುವ ದಿನ ಸೋದರತ್ತೆ ಮಗುವಿನ ಕಿವಿಗೆ ಬಾಯಿಟ್ಟು, 'ಕುರ್ರ್ರ್' ಎಂದು ಸದ್ದು ಮಾಡಿ, ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಆಗ ಅವಳ ಬೆನ್ನಿಗೆ ಗುದ್ದು ಹಾಕಬೇಕು. ಅಲ್ಲಿಯವರೆಗೆ ಮಗುವಿಗೆ ಹೆಸರಿಲ್ಲ. ನಾನು ಬಹಳ ವಾದ ಮಾಡಿದೆ. ಹೆಸರು ಆಮೇಲೆ ಸೇರಿಸುವುದು ತಾಪತ್ರಯ, ಸುಮ್ಮನೆ ಈಗಲೇ ಕೊಟ್ಟುಬಿಡಿ ಅಂದೆ. ವೈನಿ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ನಕ್ಕು, "ವಕೀಲಬಾಯಿ, ಅತ್ತಿ ಯಾರ? ನೀನ ಅಲ್ಲೇನ? ಹೆಸರೂ ನೀನ ಆರಿಸು. ನಮಗೂ ಹೇಳಬ್ಯಾಡ. ಅವತ್ತ ಆಕಿ ಕಿವ್ಯಾಗ ಹೇಳು, ಆಮ್ಯಾಲೆ ನಮಗ ಹೇಳು. ಮೊದಲ ಆಕಿ ಕೇಳ್ಲಿ" ಅಂದರು. ಅಣ್ಣ, "ಗಂಡೋ ಹೆಣ್ಣೋ ಅಂತ ಜೆಂಡರ್ ರಿವೀಲ್ ಪಾರ್ಟಿ ಆತು, ಈಗ ನೇಮ್ ರಿವೀಲ್ ಏನ?" ಎಂದು ಹಾಸ್ಯ ಮಾಡಿದ. ನನ್ನ ವಾದ ಕರಗಿಹೋಯಿತು. ಯಾರಾದರೂ ಅಷ್ಟು ದೊಡ್ಡ ಗೌರವವನ್ನು ಕೈಗಿತ್ತರೆ ಎಂಥ ವಾದವೂ ಕರಗುತ್ತದೆ.

ಹೆಸರು ನಾನು ಆಗಲೇ ಆರಿಸಿಯಾಗಿತ್ತು. ಮಗು ಹುಟ್ಟಿದ ಬೆಳಿಗ್ಗೆ ಹೋಬೋಕನ್ನಿನಿಂದ ಟ್ರೇನಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ದೋಣಿ ಹಾದುಹೋಗಲೆಂದು ನದಿಯ ಸೇತುವೆಯನ್ನು ಎತ್ತಿದ್ದರಿಂದ ಟ್ರೇನು ಜೌಗಿನ ನಡುವೆ ನಿಂತುಬಿಟ್ಟಿತು. ಒಂದು ಕಡೆ ಹೈವೇ, ಇನ್ನೊಂದು ಕಡೆ ಗೋದಾಮುಗಳು, ನಡುವೆ ಕೆಸರುನೀರು. ಆ ನೀರಿನಲ್ಲಿ ಬೆಳ್ಳಗೆ ಒಂದೇ ಒಂದು ಬೆಳ್ಳಕ್ಕಿ ನಿಂತಿತ್ತು. ಅದನ್ನು ನೋಡುತ್ತಿರುವಾಗಲೇ ಅಣ್ಣ ಕಳಿಸಿದ ಮಗುವಿನ ಫೋಟೋ ಬಂತು. ಅಲ್ಲೇ ತೀರ್ಮಾನಿಸಿದೆ. ಶಾಲೆಗೆ ಬೇರೆ ಹೆಸರು ಇಟ್ಟುಕೊಳ್ಳಲಿ, ತೊಟ್ಟಿಲ ಹೆಸರು ಬೆಳ್ಳಕ್ಕಿ. ಅಮ್ಮ 'ಹಕ್ಕಿ ಹೆಸರು ಯಾರ ಇಡ್ತಾರ' ಅಂತ ಕೂಗಾಡುತ್ತಾಳೆ, ಅದಕ್ಕೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ತಯಾರಿ ನಡೆಸಿದ್ದೆ. ಅದನ್ನು ನಾನು ಎಲ್ಲಿಯೂ ಬರೆಯಲಿಲ್ಲ, ಫೋನಿನಲ್ಲಿ ಹುಡುಕಲಿಲ್ಲ, ಒಂದು ಜೀವಕ್ಕೂ ಹೇಳಲಿಲ್ಲ. ಮುಂದೆ ಈ ಮಾತು ಬೇಕಾಗುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ತೊಟ್ಟಿಲು ಹಾಕುವ ದಿನ ಬರಲೇ ಇಲ್ಲ. ಮಗುವಿನ ಹೃದಯ ಹುಟ್ಟುವಾಗಲೇ ಸರಿಯಾಗಿ ಕೂಡಿರಲಿಲ್ಲ. ಯಾರೂ ತಪ್ಪು ಮಾಡಲಿಲ್ಲ; ಮಾಡಿದ್ದರೆ ನನ್ನಂಥವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳ ಕಾಲಿಗೆ ಕಟ್ಟಿದ್ದ ಪಟ್ಟಿಯ ಮೇಲೆ ಕೊನೆಯವರೆಗೂ 'ಬೇಬಿ ಗರ್ಲ್' ಅಂತಷ್ಟೇ ಇತ್ತು. ಎಳೆಗೂಸನ್ನು ಸುಡುವುದಿಲ್ಲವಾದ್ದರಿಂದ ಮಾರಿಸ್‌ಟೌನಿನ ಹೊರಗೆ ಮಕ್ಕಳಿಗೆಂದೇ ಇರುವ ಒಂದು ಮೂಲೆಯಲ್ಲಿ ಮಣ್ಣು ಮಾಡಿದೆವು. ಸ್ಮಶಾನದವರು ಸಣ್ಣ ಕಲ್ಲು ಹಾಕಿಸಿ, ಏನು ಬರೆಸಬೇಕು ಹೇಳಿ ಅಂದರು. ವೈನಿ ಏನೂ ಬೇಡ ಅಂದರು. ಹೆಸರಿಡದೆ ಹೋದ ಕೂಸಿಗೆ ಆಮೇಲೆ ಹೆಸರಿಡಬಾರದು ಅಂತ ಊರಿನಿಂದ ಹಿರಿಯರು ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಹೀಗಾಗಿ ಬೇಸಿಗೆ ಪೂರ್ತಿ ಕಲ್ಲು ಖಾಲಿಯೇ ಇತ್ತು. ನಾನು ಆರಿಸಿದ್ದ ಹೆಸರು ಯಾವುದೆಂದು ವೈನಿ ಒಮ್ಮೆಯೂ ಕೇಳಲಿಲ್ಲ. ನಾನಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಅಳುತ್ತಲೂ ಇರಲಿಲ್ಲ. ಅಡುಗೆ ಮಾಡುತ್ತಿದ್ದರು, ಆಫೀಸಿಗೆ ಹೋಗುತ್ತಿದ್ದರು, ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಅಣ್ಣ ಫೋನ್ ಮಾಡಿದ. "ಪೈನ್ ಬ್ಯಾರೆನ್ಸ್ ಕಾಡಿಗೆ ಕ್ಯಾಂಪಿಂಗ್ ಹೋಗೂಣು, ನೀನೂ ಬಾ. ಕಲ್ಲಿನ ವಿಷಯ ಮಾತಾಡಬೇಕು. ಮನ್ಯಾಗ ಆ ಮಾತು ಬಾಯಿಗೆ ಬರೂದಿಲ್ಲ ನಂಗ." ಚಳಿ ಬಂದು ನೆಲ ಗಟ್ಟಿಯಾಗುವ ಮೊದಲು ಕಲ್ಲಿನ ಮೇಲೆ ಏನಾದರೂ ಬರೆಸಬೇಕೆಂಬುದು ಅವನ ಹಟ. ಮಗಳು ಇದ್ದಳು ಎನ್ನುವುದಕ್ಕೆ ಎಲ್ಲಾದರೂ ಒಂದು ಕಡೆ ಒಂದು ಅಕ್ಷರ ಬೇಕು, ಅಷ್ಟೇ ಅವನು ಕೇಳುತ್ತಿದ್ದದ್ದು.

ಹೊರಡುವ ಹಿಂದಿನ ದಿನ ನಾನು ಮಾರಿಸ್‌ಟೌನಿನಲ್ಲೇ ಉಳಿದೆ, ರಾತ್ರಿ ವೈನಿಯ ಪಕ್ಕದಲ್ಲಿ ಮಲಗಿದೆ. ಬೆಳಿಗ್ಗೆ ಕಾರಿಗೆ ಟೆಂಟು, ಸೌದೆ, ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿ ತುಂಬಿ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ ಹೊರಟೆವು. ನ್ಯೂಜೆರ್ಸಿಯೆಂದರೆ ಟೋಲು ಮತ್ತು ಮಾಲು ಎಂದುಕೊಂಡವರು ಆ ಕಾಡನ್ನು ನೋಡಬೇಕು. ಎಕ್ಸಿಟ್ ದಾಟಿ ಸ್ವಲ್ಪ ಹೊತ್ತಿಗೆ ಮನೆಗಳು ಮುಗಿಯುತ್ತವೆ. ಆಮೇಲೆ ಬರೀ ಕುಳ್ಳ ಪೈನ್ ಮರಗಳು, ಸಕ್ಕರೆಯಂಥ ಬಿಳಿ ಮರಳಿನ ರಸ್ತೆ, ಡಿಕಾಕ್ಷನ್ ಬಣ್ಣದ ನೀರು. ಫೋನಿನ ಸಿಗ್ನಲ್ ಸತ್ತುಹೋಗುತ್ತದೆ.

ದಾರಿಯಲ್ಲಿ ಎರಡು ಕಡೆ ನಿಂತೆವು. ಒಂದು, ಕ್ರ್ಯಾನ್‌ಬೆರಿ ಗದ್ದೆ. ಕಟಾವಿಗೆಂದು ನೀರು ಬಿಟ್ಟಿದ್ದರು. ಕೆಂಪು ಹಣ್ಣು ಇಡೀ ನೀರಿನ ಮೇಲೆ ತೇಲುತ್ತಿತ್ತು. ಅಣ್ಣ ವಿಡಿಯೋ ಮಾಡಿಕೊಂಡ. ಇನ್ನೊಂದು, ಕಾಡಿನಂಚಿನ ಅಂಗಡಿ. ಅಲ್ಲಿ ಮಗ್ಗು, ಟೀಶರ್ಟುಗಳ ಮೇಲೆಲ್ಲ ರೆಕ್ಕೆಯಿರುವ ಒಂದು ಪ್ರಾಣಿಯ ಚಿತ್ರ. ಈ ಕಾಡಿನ ಹಳೆಯ ಕಟ್ಟುಕಥೆ ಅದು, ಜೆರ್ಸಿ ಡೆವಿಲ್. ಹನ್ನೆರಡು ಮಕ್ಕಳನ್ನು ಹೆತ್ತು ಬೇಸತ್ತ ಒಬ್ಬ ತಾಯಿ ಹದಿಮೂರನೆಯದಕ್ಕೆ ಹೊಟ್ಟೆಯಲ್ಲಿರುವಾಗಲೇ ಶಾಪ ಹಾಕಿದಳಂತೆ, ಹುಟ್ಟಿದ ಕೂಸಿಗೆ ರೆಕ್ಕೆ ಬಂದು ಅದು ಚಿಮಣಿಯ ಮೂಲಕ ಹಾರಿ ಕಾಡು ಸೇರಿತಂತೆ. ಇದು ವೈನಿಯ ಕಣ್ಣಿಗೆ ಬೀಳಬಾರದೆಂದು ಅಣ್ಣ ಅವರನ್ನು ಕಾಫಿಯ ಕಡೆ ಎಳೆಯುವಷ್ಟರಲ್ಲಿ ವೈನಿ ಮಗ್ಗಿನ ಹಿಂದೆ ಬರೆದದ್ದನ್ನು ಪೂರ್ತಿ ಓದಿಬಿಟ್ಟಿದ್ದರು.

"ಹಡದಾಕಿನ ಶಾಪ ಕೊಟ್ಳಂತ?" ಅಂದರು. ಮಗ್ಗನ್ನು ಇದ್ದಲ್ಲೇ ಇಟ್ಟರು. ಕಾರು ಹತ್ತುವಾಗ, "ಇಷ್ಟ ವರ್ಷ ಆದ್ರೂ ಅದನ್ನ ಡೆವಿಲ್ ಅಂತನ ಕರೀತಾರಲ್ಲ. ಅದಕ್ಕೂ ಯಾರೂ ಹೆಸರಿಡಲಿಲ್ಲ ಏನ?" ಎಂದರು. ಅಣ್ಣ ಕಾರು ಶುರು ಮಾಡಿದ. ಎಂಥ ಪ್ರಶ್ನೆಗೂ ಸಿದ್ಧ ಉತ್ತರವಿರುತ್ತಿದ್ದ ನಾನು ಸೀಟ್‌ಬೆಲ್ಟಿನ ಜೊತೆ ಒದ್ದಾಡುತ್ತಿರುವಂತೆ ನಟಿಸಿದೆ.

ನಮ್ಮ ಕ್ಯಾಂಪು ಒಂದು ಸಣ್ಣ ನದಿಯ ತಿರುವಿನಲ್ಲಿತ್ತು. ಕರೆಂಟಿಲ್ಲ, ನಲ್ಲಿಯಿಲ್ಲ, ಮರಳಿನ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಒಂದು ಕೈಪಂಪು. ಆ ವಾರಾಂತ್ಯ ಬೇರೆ ಯಾರೂ ಬಂದಿರಲಿಲ್ಲ. ಟೆಂಟು ಹಾಕಿದ ಮೇಲೆ ವೈನಿ ತಲೆ ಭಾರವೆಂದು ಒಳಗೆ ಹೋಗಿ ಮಲಗಿದರು. ಬಿಸಿಲು ಮರಗಳ ತುದಿಯಲ್ಲಿ ಇನ್ನೂ ಇತ್ತು. ನಾನೂ ಅಣ್ಣನೂ ನೀರಿನ ಕ್ಯಾನು ಹಿಡಿದು ಪಂಪಿನ ಕಡೆ ಹೊರಟೆವು.

ಪಂಪು ಒತ್ತುತ್ತ ಅಣ್ಣ ಮಾತು ತೆಗೆದ. "ಆ ಹೆಸರು ನಂಗ ಹೇಳಿಬಿಡು. ನಾ ಸುಮ್ನ ಬರಸ್ತೀನಿ. ಆಕಿಗೆ ಆಮ್ಯಾಲೆ ಹೇಳಿದ್ರಾತು."

"ಆಗೂದಿಲ್ಲ" ಅಂದೆ. "ವೈನಿ ಹೂಂ ಅನ್ನಬೇಕು. ಇಲ್ಲಾಂದ್ರ ನಾ ಯಾರಿಗೂ ಹೇಳೂದಿಲ್ಲ."

"ಈಗ ಯಾಕ ಇಷ್ಟ ಸಂಪ್ರದಾಯ ನಿಂದು? ಅವತ್ತ ಆಸ್ಪತ್ರ್ಯಾಗ ನೀನ ಅಂದಿದ್ದೆಲ್ಲ, ಇದೆಲ್ಲಾ ನಾನ್‌ಸೆನ್ಸ್ ಅಂತ?"

"ಸಂಪ್ರದಾಯ ಅಲ್ಲೋ. ಅದು ಆಕಿದು."

ಅವನು ಪಂಪು ಒತ್ತುವುದನ್ನು ನಿಲ್ಲಿಸಿ ಅದರ ಹಿಡಿಕೆಗೆ ಹಣೆ ಹಚ್ಚಿ ನಿಂತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಆ ಹೊತ್ತಿನಲ್ಲಿ ಹೆಸರು ನನ್ನ ಬಾಯಿಯವರೆಗೂ ಬಂದಿತ್ತು, ಹೊರಗೆ ಬರಲಿಲ್ಲ. ಇದಕ್ಕೆ ಅಣ್ಣನೇ ಸಾಕ್ಷಿ.

ನಾವು ತಿರುಗಿ ಬಂದಾಗ ವೈನಿ ಟೆಂಟಿನ ಹೊರಗೆ ನಿಂತಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ. ಮುಖ ಕೆಂಪಾಗಿತ್ತು. ಅಷ್ಟು ತಿಂಗಳಲ್ಲಿ ನಾನು ಅವರ ಮುಖದಲ್ಲಿ ಸಿಟ್ಟು ನೋಡಿದ್ದು ಅದೇ ಮೊದಲು.

"ಏನ್ ಚ್ಯಾಷ್ಟಿ ಇದು?" ಎಂದರು ನನಗೆ. "ಇದು ಚ್ಯಾಷ್ಟಿ ಮಾಡೂದೇನ? ಮಲಗಿದ್ದಾಗ ಬಂದು ಕಿವ್ಯಾಗ ಕುರ್ರ್ ಅಂತೀ?"

"ನಾ ಎಲ್ಲಿ ಬಂದೆ ವೈನಿ?"

"ನೀನ. ನಿಂದ ದನಿ. ಕುರ್ರ್ ಅಂದಿ, ಬೆಳ್ಳಕ್ಕಿ ಅಂದಿ. ಮತ್ತೊಮ್ಮೆ ಬೆಳ್ಳಕ್ಕಿ ಅಂದಿ. ಕಣ್ಣ ತಗದ್ರ ಓಡಿಹೋಗಿದ್ದಿ. ಯಾಕ ಹಿಂಗ ಮಾಡಿದಿ? ನಾ ನಿಂಗೇನ್ ಮಾಡೇನಿ?"

ಅಣ್ಣ ಕ್ಯಾನು ಕೆಳಗಿಟ್ಟು, "ಆಕಿ ನನ್ನ ಜೋಡಿನ ಇದ್ಲು. ಪಂಪಿನ ಹತ್ರ. ಇಷ್ಟೊತ್ತೂ" ಎಂದ. ವೈನಿ ಅವನ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಮುಖ ಹೇಗಾಗಿತ್ತೋ ನನಗೆ ಗೊತ್ತಿಲ್ಲ. ನಾನು ಮರಳಿನ ಮೇಲೆ ಕೂತುಬಿಟ್ಟಿದ್ದೆ.

ನಿಧಾನವಾಗಿ ಅವರ ಸಿಟ್ಟು ಇಳಿಯಿತು. ಹತ್ತಿರ ಬಂದು ಎದುರಿಗೆ ಕೂತರು. "ಅದ ಏನ?" ಎಂದು ಕೇಳಿದರು. ಬಹಳ ಸಣ್ಣ ದನಿಯಲ್ಲಿ. "ನೀ ಆರಿಸಿದ ಹೆಸರು ಅದ ಏನ?"

"ಹೌದ್ರಿ ವೈನಿ" ಅಂದೆ.

ಅಣ್ಣ ಆ ಹೆಸರನ್ನು ಒಮ್ಮೆ ತನಗೆ ತಾನೇ ಹೇಳಿಕೊಂಡ. ಆಮೇಲೆ ವೈನಿ ಕೇಳಿದ್ದನ್ನು ನಾನು ಇದ್ದ ಹಾಗೆಯೇ ಬರೆಯುತ್ತೇನೆ: "ಮೊದಲ ಆಕಿ ಕೇಳ್ಲಿ ಅಂತ ನಾನ ಹೇಳಿದ್ನೆಲ್ಲ. ನನ್ನ ಕಿವ್ಯಾಗ ಯಾಕ ಬಂತದು? ಆಕಿಗೆ ಯಾರಾದ್ರೂ ಹೇಳ್ಯಾರೋ ಇಲ್ಲೋ?"

ಹೀಗೆ ಕೇಳಿ ಅಳಲು ಶುರುಮಾಡಿದರು. ವಸಂತದಿಂದ ಅಕ್ಟೋಬರಿನವರೆಗೆ ತಡೆದದ್ದೆಲ್ಲ ಬಂತು. ಅದನ್ನು ನಾನು ವರ್ಣಿಸುವುದಿಲ್ಲ. ಕಾಡಿನಲ್ಲಿ ಬೇರೆ ಯಾರೂ ಇಲ್ಲದ್ದು ಒಳ್ಳೆಯದಾಯಿತು.

ಬೆಂಕಿ ಹಚ್ಚಿ, ರೊಟ್ಟಿ ಮುರಿದು ತಿನ್ನುತ್ತ ಕೂತ ಮೇಲೆ ನನ್ನ ಹಳೆಯ ಚಟ ಎದ್ದಿತು. ಅದು ಕ್ರೌರ್ಯವೆಂದು ನಿಮಗೆ ಅನ್ನಿಸಬಹುದು. ಆದರೆ ಕೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ, ವೈನಿಗೂ ನಾನು ಕೇಳುವುದೇ ಬೇಕಾಗಿತ್ತು. "ಕೇಳ್ರಿ ವಕೀಲಬಾಯಾರ" ಎಂದು ಅವರೇ ಅಂದರು, ಊದಿದ ಕಣ್ಣಿನಲ್ಲಿ ಸ್ವಲ್ಪ ನಗುತ್ತ. ನಿದ್ದೆ ಬಂದಿತ್ತೇ? ಮಂಪರಿತ್ತು, ನಿದ್ದೆಯಲ್ಲ. ದನಿ ನನ್ನದೇ ಎಂದು ಹೇಗೆ ಗೊತ್ತು? "ನಿನ್ನ ದನಿ ಗೊತ್ತಾಗೂದಿಲ್ಲೇನ ನಂಗ, ದಿನಾ ವಾದಾ ಹಾಕ್ತಿ." ಯಾವ ಕಿವಿಯಲ್ಲಿ ಕೇಳಿಸಿತು? ಬಲಗಿವಿಯಲ್ಲಿ. ಟೆಂಟಿನ ಬಾಗಿಲು ಇದ್ದದ್ದು ಎಡಕ್ಕೆ. ಇಲ್ಲಿ ಸಾಕ್ಷಿ ಮುರಿಯುತ್ತದೆ ಎಂದುಕೊಂಡು, ಹೇಗೆ ಮಲಗಿದ್ದಿರಿ ಅಂತ ಕೇಳಿದೆ.

"ಬಲಮಗ್ಗಲಾ" ಅಂದರು. ಹೇಳಿದ ಮೇಲೆ ಅವರ ಕೈ ತಾನಾಗಿ ಕಿವಿಗೆ ಹೋಯಿತು. ಆ ಕಿವಿ ದಿಂಬಿಗೆ ಒತ್ತಿತ್ತು. ದಿಂಬಿನ ಕೆಳಗೆ ತೆಳ್ಳಗಿನ ಚಾಪೆ, ಚಾಪೆಯ ಕೆಳಗೆ ಮಣ್ಣು.

ಆಮೇಲೆ ಕೂತು ಎಲ್ಲವನ್ನೂ ಯೋಚಿಸಿದ್ದೇನೆ. ಕಿವಿ ಒತ್ತಿ ಮಲಗಿದರೆ ನಮ್ಮದೇ ರಕ್ತ ಹರಿಯುವ ಸದ್ದು ಕೇಳಿಸುತ್ತದೆ. 'ಕುರ್ರ್' ಆಗಿದ್ದು ಅದೇ ಇರಬಹುದು, ಒಪ್ಪುತ್ತೇನೆ. ಅಂಗಡಿಯಲ್ಲಿ ಓದಿದ ಕಥೆ ಮನಸ್ಸನ್ನು ಕಲಕಿತ್ತು, ಅದನ್ನೂ ಒಪ್ಪುತ್ತೇನೆ. ಹೆಸರು? ಗದ್ದೆಯ ಹತ್ತಿರ ಬೆಳ್ಳಕ್ಕಿ ಕಂಡು ನಮ್ಮಲ್ಲೊಬ್ಬರು ಆ ಶಬ್ದ ಆಡಿದ್ದರೇ ಎಂದು ಅಣ್ಣನ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಕೆಂಪು ಹಣ್ಣು, ಗಾಳಿಯ ಸದ್ದು, 'ಜಾಮ್ ಮಾಡಬಹುದು' ಎನ್ನುವ ಅಣ್ಣನ ಮಾತು, ಅಷ್ಟೇ ಇದೆ. ಉಳಿದದ್ದು ನನ್ನ ಅತ್ಯಂತ ಗಟ್ಟಿ ವಾದ: ಹಿಂದಿನ ರಾತ್ರಿ ಮಾರಿಸ್‌ಟೌನಿನಲ್ಲಿ ವೈನಿಯ ಪಕ್ಕದಲ್ಲೇ ಮಲಗಿದ್ದೆ, ನಿದ್ದೆಯಲ್ಲಿ ನಾನೇ ಬಡಬಡಿಸಿರಬೇಕು. ಇದನ್ನು ವೈನಿಯ ಮುಂದಿಟ್ಟಾಗ ಅವರು, "ರಾತ್ರಿಯೆಲ್ಲಾ ನಾ ಎಚ್ಚರಿದ್ದೆ. ನೀ ಗೊರಕಿ ಹೊಡದಿ, ಬಾಯಿ ಬಿಡಲಿಲ್ಲ" ಅಂದರು. ಅವರು ರಾತ್ರಿ ಮಲಗುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಮನುಷ್ಯ ತನಗೆ ತಿಳಿಯದೆ ತೂಕಡಿಸುತ್ತಾನಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ. ಡಿಬೇಟಿನ ಒಬ್ಬ ಗೆಳತಿ ಇದನ್ನು ಕೇಳಿ, ಅದೇ ಸರಿ, ಮುಗಿಯಿತು ಎಂದು ಭುಜ ತಟ್ಟಿದಳು. ಯಾಕೋ ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನ ವಾದವೇ ನಿಜವಾದರೆ ಆ ಹೆಸರನ್ನು ನಾನು ಒಂದು ಖಾಲಿ ಗೋಡೆಗೆ ಹೇಳಿದಂತಾಯಿತು, ಅದನ್ನು ಕೇಳಬೇಕಾದವಳು ಕೇಳಲೇ ಇಲ್ಲ ಎಂದಾಯಿತು. ಗೆದ್ದು ಇಷ್ಟು ಕೆಟ್ಟದೆನಿಸಿದ್ದು ನನಗೆ ಬೇರೆ ಯಾವ ವಾದದಲ್ಲೂ ಇಲ್ಲ.

ಚಳಿ ಬೀಳುವ ಮೊದಲು ಕಲ್ಲಿನ ಮೇಲೆ ಹೆಸರು ಬಂತು, ಕನ್ನಡದಲ್ಲಿಯೇ. ಕೆತ್ತುವವನಿಗೆ ಅಕ್ಷರ ಹೊಸದಾದ್ದರಿಂದ ಒತ್ತಕ್ಷರ ಸ್ವಲ್ಪ ದೂರ ಸರಿದಿದೆ. ವೈನಿ ಅದನ್ನು ತಿದ್ದಿಸುವುದು ಬೇಡ ಅಂದರು. ಈಗ ಮನೆಯಲ್ಲಿ ಅವಳ ಮಾತು ಬರುತ್ತದೆ, ಹೆಸರು ಹಿಡಿದೇ ಬರುತ್ತದೆ. ಯಾರದೋ ಮಗು ಓಡಾಡುವುದು ಕಂಡರೆ ವೈನಿ, "ಬೆಳ್ಳಕ್ಕಿ ಈಗ ಇಷ್ಟ ಎತ್ತರ ಇರ್ತಿದ್ಲು ನೋಡು" ಎನ್ನುತ್ತಾರೆ. ಅಮ್ಮ ಕೂಡ ಹಕ್ಕಿ ಹೆಸರು ಯಾರಿಡುತ್ತಾರೆ ಎಂದು ಕೂಗಾಡಲಿಲ್ಲ. ಅದಕ್ಕೆ ನಾನು ತಯಾರಿಸಿಟ್ಟಿದ್ದ ಉತ್ತರಗಳು ಹಾಗೇ ಉಳಿದವು.

ಆಕಿಗೆ ಯಾರಾದ್ರೂ ಹೇಳ್ಯಾರೋ ಇಲ್ಲೋ ಎಂದು ಪೈನ್ ಕಾಡಿನಲ್ಲಿ ಕೇಳಿದ ಆ ಪ್ರಶ್ನೆಯನ್ನು ವೈನಿ ಮತ್ತೆ ಎಂದೂ ಕೇಳಿಲ್ಲ. ಅವರಿಗೆ ಉತ್ತರ ಸಿಕ್ಕಿದೆಯೋ, ನನ್ನಲ್ಲಿ ಇಲ್ಲವೆಂದು ತಿಳಿದು ಬಿಟ್ಟಿದ್ದಾರೋ, ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಆ ಸಂಜೆ ಯಾರೋ ನನ್ನ ದನಿಯಲ್ಲಿ ಅವಳ ಹೆಸರು ಹೇಳಿದರು. ಹೇಳಬೇಕಾಗಿದ್ದವಳು ನಾನು. ನಾನು ಹೇಳಿರಲಿಲ್ಲ.